ಹನ್ನೊಂದು ಕಿಲೋಮೀಟರ್ ನೀರು

ಮೆಡಿಟರೇನಿಯನ್ ಸಮುದ್ರದ ಭೂಪಟ ತೆರೆದು ಬೂಟಿನಾಕಾರದ ಇಟಲಿಯನ್ನು ಹುಡುಕಿ. ಅದರ ಎಡಕ್ಕೆ ಸಮುದ್ರದ ನಡುವೆ, ಒಂದರ ಕೆಳಗೊಂದು, ಎರಡು ದೊಡ್ಡ ದ್ವೀಪಗಳು ಕಾಣುತ್ತವೆ. ಮೇಲಿನದು ಕಾರ್ಸಿಕಾ, ಫ್ರಾನ್ಸಿಗೆ ಸೇರಿದ್ದು. ಕೆಳಗಿನದು ಸಾರ್ಡೀನಿಯಾ, ಇಟಲಿಯದು. ಎರಡರ ನಡುವೆ ಪೆನ್ಸಿಲಿನ ತೆಳು ಗೆರೆಯಷ್ಟೇ ಜಾಗ. ಅದೇ ಬೊನಿಫಾಚೊ ಜಲಸಂಧಿ. ತೀರಾ ಇಕ್ಕಟ್ಟಾದ ಕಡೆ ಅದರ ಅಗಲ ಸುಮಾರು 11 ಕಿಲೋಮೀಟರ್. ಕಾರ್ಸಿಕಾದ ಬೊನಿಫಾಚೊ ಊರಿನಿಂದ ಸಾರ್ಡೀನಿಯಾದ ಸಾಂತಾ ತೆರೇಜಾ ಊರಿಗೆ ಫೆರಿ ಓಡಾಡುತ್ತದೆ. ಹೆಚ್ಚುಕಡಿಮೆ ಒಂದು ಗಂಟೆಯ ದಾರಿ.

ಒಂದು ಗಂಟೆ ತಾನೆ, ಮೊಬೈಲ್ ನೋಡುತ್ತ ಕೂತರೆ ಕಳೆದೇಹೋಗುತ್ತದೆ ಅನ್ನುವವರು ಒಳಗೇ ಕೂತಿರಲಿ. ನಾವು ಡೆಕ್ಕಿಗೆ ಹೋಗೋಣ. ಆದರೆ ಅದಕ್ಕೂ ಮೊದಲು ಧಕ್ಕೆಯ ಮೇಲೆ ನಿಂತು ಫೆರಿ ಬಾಯಿ ತೆರೆಯುವುದನ್ನು ನೋಡಲೇಬೇಕು.

ಫೆರಿ ಎಂದರೆ ಬರೀ ಜನರನ್ನು ದಾಟಿಸುವ ದೋಣಿಯಲ್ಲ. ಅದರ ಗೋಡೆಯ ಒಂದು ಭಾಗವೇ ಕೆಳಕ್ಕೆ ಮಡಚಿಕೊಂಡು ಧಕ್ಕೆಯ ಕಾಂಕ್ರೀಟಿನ ಮೇಲೆ ಹಲಗೆಯಾಗಿ ಮಲಗುತ್ತದೆ. ಅದರ ಮೇಲೆ ಕಾರು, ಮೋಟಾರ್ ಬೈಕು, ಸರಕು ತುಂಬಿದ ಲಾರಿ, ಎಲ್ಲ ಒಂದರ ಹಿಂದೊಂದು ಒಳಗೆ ನುಗ್ಗುತ್ತವೆ. ಕ್ರೇನ್ ಬೇಕಿಲ್ಲ, ಕೂಲಿಯವರು ಬೇಕಿಲ್ಲ.

ಇಷ್ಟು ಸರಳವಾದ ಹಲಗೆ ಸಾಕಾಗುವುದಕ್ಕೆ ಮೆಡಿಟರೇನಿಯನ್ನಿನ ಒಂದು ಗುಣವೂ ಕಾರಣ. ಅಲ್ಲಿ ಉಬ್ಬರ ಇಳಿತ ಬಹಳ ಕಡಿಮೆ. ನಮ್ಮ ಕರಾವಳಿಯ ಮಕ್ಕಳಿಗೆ ಇದು ವಿಚಿತ್ರ ಅನ್ನಿಸಬಹುದು. ಮಂಗಳೂರಿನಲ್ಲೋ ಕಾರವಾರದಲ್ಲೋ ನೀರು ಏರಿ ಇಳಿಯುವುದು ಒಂದು ಮೀಟರನ್ನು ಸಲೀಸಾಗಿ ದಾಟುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಂತೂ ಮೂರು ಮಹಡಿ ಮನೆಯ ಎತ್ತರಕ್ಕೆ ಹೋಗುತ್ತದೆ. ಬೊನಿಫಾಚೊದಲ್ಲಿ? ಒಂದು ಗೇಣು, ಹೆಚ್ಚೆಂದರೆ ಇನ್ನೊಂದು ನಾಲ್ಕು ಬೆರಳು. ಚಂದ್ರ ಅಲ್ಲಿಯೂ ನೀರನ್ನು ಎಳೆಯುತ್ತಾನೆ. ಆದರೆ ದೊಡ್ಡ ಉಬ್ಬರ ಏಳಬೇಕಾದರೆ ವಿಶಾಲವಾದ ಸಾಗರ ಬೇಕು. ಅಟ್ಲಾಂಟಿಕ್ ಸಾಗರದಲ್ಲಿ ಎದ್ದ ಉಬ್ಬರ ಒಳಗೆ ಬರಲು ಇರುವ ದಾರಿ ಒಂದೇ, ಜಿಬ್ರಾಲ್ಟರ್ ಜಲಸಂಧಿ. ಅದರ ಅಗಲ ತೀರಾ ಕಿರಿದಾದಲ್ಲಿ ಸುಮಾರು 14 ಕಿಲೋಮೀಟರ್. ಆ ಕಿಂಡಿಯಲ್ಲಿ ನೀರು ತೂರಿಬಂದು ಇಡೀ ಮೆಡಿಟರೇನಿಯನ್ ಏರುವಷ್ಟರಲ್ಲಿ ಹೊರಗೆ ಇಳಿತ ಶುರುವಾಗಿರುತ್ತದೆ. ಹಾಗಾಗಿ ಬೆಳಿಗ್ಗೆ ಬಂದ ಫೆರಿಗೂ ಮಧ್ಯಾಹ್ನ ಬಂದ ಫೆರಿಗೂ ಧಕ್ಕೆ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಸಿಗುತ್ತದೆ.

ಈಗ ಲಾರಿಗಳ ಕಡೆ ನೋಡಿ. ತುಂಬಿದ ದೊಡ್ಡ ಲಾರಿಯೊಂದು 40 ಟನ್ ತೂಗಬಹುದು. ಅದು ಒಳಗೆ ಹೋದಾಗ ಹಡಗು ಮುಳುಗಲಿಲ್ಲವಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ನಿಜವಾಗಿ ಸ್ವಲ್ಪ ಮುಳುಗಿದೆ! ಎಷ್ಟು ಎಂದು ಲೆಕ್ಕ ಹಾಕಬಹುದು. ಇದಕ್ಕೆ ಬೇಕಾದ ನಿಯಮ ಹೇಳಿಕೊಟ್ಟ ಆರ್ಕಿಮಿಡೀಸ್ ಕೂಡ ಇದೇ ಸಮುದ್ರದ ದ್ವೀಪದವನು. ಸಾರ್ಡೀನಿಯಾದಿಂದ ಆಗ್ನೇಯಕ್ಕೆ ಹೋದರೆ ಸಿಗುವ ಸಿಸಿಲಿಯ ಸಿರಾಕ್ಯೂಸ್ ಅವನ ಊರು. ತೀರಿಕೊಂಡದ್ದು ಕ್ರಿ.ಪೂ. 212ರಲ್ಲಿ. ಅವನು ಕಂಡುಕೊಂಡದ್ದು ಇಷ್ಟು: ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಕಬ್ಬಿಣದ ಮೊಳೆ ಮುಳುಗುವುದು, ತನ್ನ ತೂಕದಷ್ಟು ನೀರನ್ನು ಸರಿಸುವಷ್ಟು ಜಾಗ ಅದಕ್ಕೆ ಇಲ್ಲದಿರುವುದರಿಂದ. ಹಡಗೂ ಉಕ್ಕಿನದೇ, ಆದರೆ ಅದರ ಹೊಟ್ಟೆಯ ತುಂಬ ಗಾಳಿ.

ಲೆಕ್ಕ ಸುಲಭವಾಗಲಿ ಎಂದು ನಮ್ಮ ಫೆರಿ 70 ಮೀಟರ್ ಉದ್ದ, 15 ಮೀಟರ್ ಅಗಲ ಇದೆ ಎಂದಿಟ್ಟುಕೊಳ್ಳಿ. ನೀರಿಗೆ ತಾಗುವ ಮಟ್ಟದಲ್ಲಿ ಅದರ ವಿಸ್ತಾರ ಸುಮಾರು 1,000 ಚದರ ಮೀಟರ್. 40 ಟನ್ ಲಾರಿ ಸರಿಸಬೇಕಾದ ಸಮುದ್ರದ ನೀರು ಸುಮಾರು 39 ಘನ ಮೀಟರ್. ಭಾಗಿಸಿ ನೋಡಿ. ಹಡಗು 4 ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ, ಅಷ್ಟೆ. ಅದೇ ಲೆಕ್ಕದಲ್ಲಿ 30 ಕಿಲೋ ತೂಕದ ಹುಡುಗಿಯೊಬ್ಬಳು ಹತ್ತಿದರೆ? ಒಂದು ಮಿಲಿಮೀಟರಿನಲ್ಲಿ ನೂರು ಪಾಲು ಮಾಡಿ ಅದರಲ್ಲಿ ಮೂರು ಪಾಲು. ಅವಳ ಜಡೆಯ ಒಂದು ಕೂದಲಿನ ದಪ್ಪದ ಅರ್ಧವೂ ಇಲ್ಲ. ಆದರೂ ಇಳಿಯಿತು ಅನ್ನುವುದು ಸುಳ್ಳಲ್ಲ. ಅವಳಿಗಾಗಿ ಮೆಡಿಟರೇನಿಯನ್ನಿನ 29 ಲೀಟರ್ ನೀರು ಜಾಗ ಬಿಟ್ಟುಕೊಟ್ಟಿದೆ.

29 ಲೀಟರ್ ಎಂದೆ. ಸಿಹಿನೀರಾಗಿದ್ದರೆ 30 ಲೀಟರ್ ಬೇಕಾಗುತ್ತಿತ್ತು. ಉಪ್ಪುನೀರು ಹೆಚ್ಚು ಭಾರ, ಆದ್ದರಿಂದ ಕಡಿಮೆ ನೀರನ್ನು ಸರಿಸಿದರೂ ತೂಕ ಸರಿಹೋಗುತ್ತದೆ. ಮೆಡಿಟರೇನಿಯನ್ ಇನ್ನೂ ಒಂದು ಕೈ ಮೇಲು. ಸಾಮಾನ್ಯ ಸಾಗರದಲ್ಲಿ ಒಂದು ಕಿಲೋ ನೀರಿಗೆ 35 ಗ್ರಾಂ ಉಪ್ಪಿದ್ದರೆ ಇಲ್ಲಿ ಸುಮಾರು 38 ಗ್ರಾಂ. ಅಲ್ಲಿನ ಬಿಸಿಲು, ಒಣಗಾಳಿಗೆ ಆವಿಯಾಗಿ ಹೋಗುವ ನೀರು ಹೆಚ್ಚು. ಮಳೆಯೂ ನದಿಗಳೂ ತಂದು ಹಾಕುವ ನೀರು ಅದಕ್ಕೆ ಸಾಲದು. ಕೊರತೆ ತುಂಬಲು ಅಟ್ಲಾಂಟಿಕ್ ನೀರು ಜಿಬ್ರಾಲ್ಟರಿನಲ್ಲಿ ಒಳಗೆ ಹರಿಯುತ್ತಲೇ ಇರುತ್ತದೆ. ಸರಕು ಹಡಗುಗಳ ಮಗ್ಗುಲಲ್ಲಿ ಏಣಿಯ ಮೆಟ್ಟಿಲಿನಂಥ ಬಿಳಿ ಗೆರೆಗಳನ್ನು ನೀವು ಚಿತ್ರದಲ್ಲಾದರೂ ನೋಡಿರಬಹುದು. ಸಿಹಿನೀರಿಗೊಂದು, ಬೇಸಗೆಯ ಸಮುದ್ರಕ್ಕೊಂದು, ಚಳಿಗಾಲಕ್ಕೊಂದು. ಯಾವ ನೀರಿನಲ್ಲಿ ಎಷ್ಟು ಆಳದವರೆಗೆ ಹೊರೆ ಹೇರಬಹುದು ಎಂಬುದಕ್ಕೆ ಅದು ಗುರುತು. ಬ್ರಿಟನ್ನಿನ ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಹಟ ಹಿಡಿದು ಹೋರಾಡಿದ ಮೇಲೆ, ಹಡಗಿಗೆ ಇಂಥ ಗೆರೆ ಇರಲೇಬೇಕು ಎಂದು ಅಲ್ಲಿ 1876ರಲ್ಲಿ ಕಾನೂನಾಯಿತು. ಅದಕ್ಕೂ ಮೊದಲು ಲಾಭದಾಸೆಗೆ ಹಡಗನ್ನು ಕತ್ತಿನವರೆಗೆ ತುಂಬಿಸುತ್ತಿದ್ದರು.

ತೇಲುವುದು ಒಂದು, ಮಗುಚದಿರುವುದು ಇನ್ನೊಂದು. ಫೆರಿಯಲ್ಲಿ ಲಾರಿಗಳಿಗೆ ಕೆಳಗಿನ ಅಂತಸ್ತು, ಜನರಿಗೆ ಮೇಲಿನದು. ನಮಗೆ ಗಾಳಿ ಸಿಗಲೆಂದಲ್ಲ, ಭಾರ ಕೆಳಗಿದ್ದಷ್ಟೂ ಹಡಗು ವಾಲಿದರೂ ಮತ್ತೆ ನೆಟ್ಟಗಾಗುತ್ತದೆ. ಆದರೆ ಆ ಲಾರಿಗಳ ಅಂತಸ್ತಿನಲ್ಲೇ ಒಂದು ಅಪಾಯವೂ ಇದೆ. ಅಲ್ಲಿ ಅಡ್ಡಗೋಡೆಗಳಿಲ್ಲ, ಈ ಕೊನೆಯಿಂದ ಆ ಕೊನೆಗೆ ಬಟಾಬಯಲು. ಮನೆಯಲ್ಲಿ ಊಟದ ತಟ್ಟೆಗೆ ಒಂದು ಲೋಟ ನೀರು ಸುರಿದು, ಎರಡೂ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆಯಿರಿ. ಅದೇ ನೀರು ಲೋಟದಲ್ಲಿದ್ದಾಗ ತೆಪ್ಪಗಿತ್ತು. ತಟ್ಟೆಯಲ್ಲಿ ಮಾತ್ರ, ತಟ್ಟೆ ಯಾವ ಕಡೆ ಓರೆಯಾಯಿತೋ ಅದೇ ಕಡೆಗೆ ಓಡಿ, ಇನ್ನಷ್ಟು ಓರೆಮಾಡುತ್ತದೆ. ಫೆರಿಯ ಬಯಲಿಗೆ ಸಮುದ್ರದ ನೀರು ನುಗ್ಗಿದರೂ ಇದೇ ಆಗುವುದು. ಅದಕ್ಕಾಗಿಯೇ ಕೊನೆಯ ಕಾರು ಒಳಗೆ ಬಂದ ಮೇಲೆ ಬಾಗಿಲು ನೀರು ಜಿನುಗದಂತೆ ಮುಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಕಪ್ತಾನ ಹಡಗು ಬಿಡುವಂತಿಲ್ಲ.

ಹೊರಟಿತು. ಬೊನಿಫಾಚೊ ಬಂದರು ಕಡಲಿಗೆ ನೇರವಾಗಿ ತೆರೆದುಕೊಂಡದ್ದಲ್ಲ. ಎರಡು ಬಂಡೆಗೋಡೆಗಳ ನಡುವೆ ಸುಮಾರು ಒಂದೂವರೆ ಕಿಲೋಮೀಟರ್ ಒಳಗೆ ಚಾಚಿದ ಓಣಿ ಅದು. ಓಣಿ ದಾಟಿ ಹೊರಬಂದು ಹಿಂದಿರುಗಿ ನೋಡಿದರೆ ಬಿಳಿ ಸುಣ್ಣಕಲ್ಲಿನ ಕಡಿದಾದ ಗೋಡೆ, 60 ಮೀಟರಿಗೂ ಎತ್ತರ. ಅದರ ನೆತ್ತಿಯ ಅಂಚಿಗೆ ಹಳೆಯ ಊರಿನ ಮನೆಗಳು. ಬುಡವನ್ನು ಅಲೆಗಳು ಕೊರೆದು ಕೊರೆದು ಒಳಗೆ ಸರಿಸಿರುವುದರಿಂದ ಕೆಲವು ಮನೆಗಳು ನಿಜಕ್ಕೂ ನೀರಿನ ಮೇಲೇ ನಿಂತಿವೆ. ಅಲ್ಲಿ ರಾತ್ರಿ ನಿದ್ದೆ ಹೇಗೆ ಬರುತ್ತದೋ ಎಂದು ನನಗೆ ಆಶ್ಚರ್ಯ. ಗೋಡೆಯಲ್ಲಿ ಅಡ್ಡಡ್ಡ ಪದರಗಳು ಎದ್ದುಕಾಣುತ್ತವೆ. ಸುಮಾರು 2 ಕೋಟಿ ವರ್ಷಗಳ ಹಿಂದೆ ಅದೆಲ್ಲ ಆಳವಿಲ್ಲದ ಬೆಚ್ಚನೆಯ ಸಮುದ್ರದ ತಳ. ಚಿಪ್ಪಿನ ಜೀವಿಗಳು ಸತ್ತು, ಅವುಗಳ ಚಿಪ್ಪಿನ ಚೂರು, ಮರಳು ಒಂದರ ಮೇಲೊಂದು ಕೂತು ಗಟ್ಟಿಯಾದದ್ದೇ ಈ ಕಲ್ಲು.

ಮುಂದೆ ನೋಡಿದರೆ ಸಾರ್ಡೀನಿಯಾ. ಅಲ್ಲಿ ಬಿಳಿ ಇಲ್ಲ, ಪದರವೂ ಇಲ್ಲ. ತಿಳಿಗುಲಾಬಿ ಮಿಶ್ರಿತ ಬೂದು ಬಣ್ಣದ, ಉರುಟುರುಟಾದ ಬಂಡೆಗಳ ರಾಶಿ. ಅದು ಗ್ರಾನೈಟ್. ಭೂಮಿಯ ಆಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ತಣ್ಣಗಾಗಿ ಹುಟ್ಟಿದ್ದು, ವಯಸ್ಸು ಸುಮಾರು 30 ಕೋಟಿ ವರ್ಷ. ಇದನ್ನು ನೋಡಿ, ಎರಡು ದ್ವೀಪಗಳಿಗೂ ಸಂಬಂಧವೇ ಇಲ್ಲ ಎಂದು ತೀರ್ಮಾನಿಸಿದರೆ ಮೋಸಹೋದಿರಿ. ಬೊನಿಫಾಚೊದ ಸುಣ್ಣಕಲ್ಲು ಬರೀ ಮೇಲಿನ ಟೋಪಿ. ಊರಿನಿಂದ ಸ್ವಲ್ಪ ದೂರ ಹೋದರೆ ಕಾರ್ಸಿಕಾದಲ್ಲೂ ಅದೇ ಗ್ರಾನೈಟ್. ಈಗ ಫೆರಿಯ ಎಡಗಡೆ ಕಾಣುತ್ತಿರುವ ಲಾವೆಟ್ಸಿ ಎಂಬ ಪುಟ್ಟ ದ್ವೀಪಗಳೂ ಗ್ರಾನೈಟಿನವೇ. ನೀರಿನಡಿಯಲ್ಲಿ ಕಲ್ಲು ಕೈಹಿಡಿದುಕೊಂಡೇ ಇದೆ.

ಎದುರಿನ ದಡ ಇಷ್ಟು ಹತ್ತಿರವಿದ್ದರೂ ಬೊನಿಫಾಚೊದ ಮರಳಿನ ಮೇಲೆ ನಿಂತವರಿಗೆ ಅದರ ಬುಡ ಕಾಣುವುದಿಲ್ಲ. ದೃಷ್ಟಿದೋಷವಲ್ಲ, ಭೂಮಿ ಗುಂಡಗಿರುವುದರ ತಕರಾರು. ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಸಮುದ್ರ ಆಕಾಶಕ್ಕೆ ತಾಗಿದಂತೆ ಕಾಣುವ ಗೆರೆ ಬರೀ ನಾಲ್ಕೂವರೆ ಕಿಲೋಮೀಟರ್ ದೂರ. ಅದರಾಚೆ ನೀರು ಬಾಗಿ ಇಳಿಯುತ್ತದೆ. ಸಾರ್ಡೀನಿಯಾದ ದಡದ ಕೆಳಗಿನ ಮೂರು ಮೀಟರಿನಷ್ಟು ಭಾಗ ಆ ಬಾಗಿನ ಹಿಂದೆ ಅಡಗಿರುತ್ತದೆ. 10 ಮೀಟರ್ ಎತ್ತರದ ಡೆಕ್ಕಿಗೆ ಹತ್ತಿದರೆ ಗೆರೆ 11 ಕಿಲೋಮೀಟರಿಗೆ ಸರಿಯುತ್ತದೆ, ಅಂದರೆ ಸರಿಯಾಗಿ ಎದುರು ದಡಕ್ಕೆ. ಬಂಡೆಯ ನೆತ್ತಿಯ ಮನೆಗಳವರಿಗೋ ಸುಮಾರು 28 ಕಿಲೋಮೀಟರ್. ಶತ್ರುಗಳ ಹಡಗನ್ನು ಕಾಯಲು ಹಿಂದಿನವರು ಕೋಟೆಯನ್ನು ಅಲ್ಲಿ ಮೇಲೆಯೇ ಕಟ್ಟಿದ್ದು ಸುಮ್ಮನೆ ಅಲ್ಲ.

ಜಲಸಂಧಿಯ ನಡುವೆ ಬಂದಾಗ ಟೋಪಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಇಲ್ಲಿ ಗಾಳಿ ಜೋರು. ಉತ್ತರದಲ್ಲಿ ಕಾರ್ಸಿಕಾದ ಬೆಟ್ಟಗಳು, ಅವುಗಳಲ್ಲಿ ಎತ್ತರದ ಮೊಂಟೆ ಚಿಂಟೊ 2,706 ಮೀಟರ್. ದಕ್ಷಿಣದಲ್ಲಿ ಸಾರ್ಡೀನಿಯಾದ ಬೆಟ್ಟಗಳು. ಪಶ್ಚಿಮದಿಂದ ಬಂದ ಗಾಳಿಗೆ ಇಷ್ಟುದ್ದದ ಗೋಡೆಯಲ್ಲಿ ನುಸುಳಲು ತಗ್ಗಾದ ದಾರಿ ಈ ಜಲಸಂಧಿಯೊಂದೇ. ಅಗಲದಲ್ಲಿ ಹರಡಿದ್ದ ಗಾಳಿಯೆಲ್ಲ ಇಕ್ಕಟ್ಟಿನಲ್ಲಿ ತೂರಬೇಕಾದರೆ ವೇಗ ಹೆಚ್ಚಿಸಿಕೊಳ್ಳದೆ ಗತಿಯಿಲ್ಲ. ನೀರಿನಡಿಯ ಗ್ರಾನೈಟ್ ಮೊನೆಗಳ ನಡುವೆ ಈ ಗಾಳಿ ಹಡಗುಗಳಿಗೆ ಶತ್ರು. 1855ರ ಫೆಬ್ರುವರಿಯ ಬಿರುಗಾಳಿಯಲ್ಲಿ, ಕ್ರೈಮಿಯಾ ಯುದ್ಧಕ್ಕೆ ಸೈನಿಕರನ್ನು ಒಯ್ಯುತ್ತಿದ್ದ ‘ಸೆಮಿಯಾಂತ್’ ಎಂಬ ಫ್ರೆಂಚ್ ಹಡಗು ಲಾವೆಟ್ಸಿಯ ಬಂಡೆಗೆ ಬಡಿಯಿತು. ಅದರಲ್ಲಿದ್ದ ಸುಮಾರು 700 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರ ಸಮಾಧಿಗಳು ಆ ಪುಟ್ಟ ದ್ವೀಪದಲ್ಲೇ ಇವೆ. ಈಗ ದೀಪಸ್ತಂಭಗಳಿವೆ, ರೇಡಾರ್ ಇದೆ. 2011ರಲ್ಲಿ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ ಈ ಜಲಸಂಧಿಯನ್ನು ವಿಶೇಷ ಎಚ್ಚರ ಬೇಕಾದ ಸೂಕ್ಷ್ಮ ಪ್ರದೇಶ ಎಂದು ಘೋಷಿಸಿತು. ಆದರೂ ಪಶ್ಚಿಮದ ಗಾಳಿ ತೀರಾ ಜೋರಾಗಿ ಎದ್ದ ದಿನ ಫೆರಿ ಬಿಡುವುದಿಲ್ಲ. ಧಕ್ಕೆಯಲ್ಲಿ ಜನ ಗೊಣಗುತ್ತ ಕಾಯುತ್ತಾರೆ.

ನಮ್ಮ ಕೆಳಗೆ ನೀರಿನ ಆಳ ಎಷ್ಟಿರಬಹುದು? ಈ ಜಲಸಂಧಿ ಹೆಚ್ಚಿನ ಕಡೆ 100 ಮೀಟರಿಗಿಂತ ಕಡಿಮೆ ಆಳ. ಸಮುದ್ರದ ಲೆಕ್ಕದಲ್ಲಿ ಇದು ಏನೂ ಅಲ್ಲ. ಈ ಸಂಖ್ಯೆಯನ್ನು ನೆನಪಿಟ್ಟುಕೊಂಡು ಸುಮಾರು 20,000 ವರ್ಷ ಹಿಂದಕ್ಕೆ ಹೋಗೋಣ. ಆಗ ಭೂಮಿಯಲ್ಲಿ ಹಿಮಯುಗ. ಸಾಗರದಿಂದ ಆವಿಯಾದ ನೀರು ಯುರೋಪಿನ ಉತ್ತರದಲ್ಲೂ ಅಮೆರಿಕದ ಉತ್ತರದಲ್ಲೂ ಹಿಮವಾಗಿ ಬಿದ್ದು, ಕರಗದೆ, ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಗುಡ್ಡೆಯಾಗಿ ಕೂತುಬಿಟ್ಟಿತ್ತು. ನೀರು ನೆಲದ ಮೇಲೆ ಕೂತರೆ ಸಾಗರದಲ್ಲಿ ಕಡಿಮೆಯಾಗಲೇಬೇಕಲ್ಲ. ಪ್ರಪಂಚದಾದ್ಯಂತ ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. 120ರಿಂದ 100 ಕಳೆಯುವ ಕೆಲಸ ನಿಮಗೆ ಬಿಟ್ಟಿದ್ದೇನೆ.

ಅಂದರೆ ನಮ್ಮ ಫೆರಿ ತೇಲುತ್ತಿರುವ ಈ ಜಾಗದಲ್ಲಿ ಆಗ ಒಣನೆಲ. ಎರಡು ದ್ವೀಪಗಳಲ್ಲ, ಉದ್ದನೆಯ ಒಂದೇ ದ್ವೀಪ. ಇದಕ್ಕೆ ಸಾಕ್ಷಿ ಹೇಳಲು ಒಂದು ಪ್ರಾಣಿ ಇದೆ. ಹಿಮಾಲಯದ ಎತ್ತರದ ಕಲ್ಲುಗಳ ನಡುವೆ ಓಡಾಡುವ ಪೈಕಾ ಗೊತ್ತೆ? ಗಿಡ್ಡ ಕಿವಿಯ, ಬಾಲವೇ ಕಾಣದ, ಮೊಲದ ಹತ್ತಿರದ ನೆಂಟ. ಅದಕ್ಕಿಂತ ದೊಡ್ಡದಾದ, ಪ್ರೊಲಾಗಸ್ ಎಂದು ವಿಜ್ಞಾನಿಗಳು ಕರೆಯುವ ಅದರ ಬಂಧುವೊಂದು ಕಾರ್ಸಿಕಾದಲ್ಲೂ ಸಾರ್ಡೀನಿಯಾದಲ್ಲೂ ಇತ್ತು. ಅದರ ಮೂಳೆಗಳು ಎರಡೂ ಕಡೆ ರಾಶಿರಾಶಿಯಾಗಿ ಸಿಗುತ್ತವೆ. ಪೈಕಾದ ಬಂಧು 11 ಕಿಲೋಮೀಟರ್ ಈಜುವ ಪೈಕಿಯಲ್ಲ. ನೆಲವಿದ್ದಾಗ ನಡೆದಾಡಿಕೊಂಡಿತ್ತು. ನೀರು ಏರಿ ದಾರಿ ಮುಚ್ಚಿದ ಮೇಲೆ ಅರ್ಧ ಸಂಸಾರ ಆ ಕಡೆ, ಅರ್ಧ ಈ ಕಡೆ ಉಳಿಯಿತು. ಬೊನಿಫಾಚೊ ಹತ್ತಿರದ ಮೊಂಟೆ ಲಿಯೋನೆ ಎಂಬಲ್ಲಿ ಬಂಡೆಯ ಆಸರೆಯಲ್ಲಿ ಬದುಕಿದ್ದ ಶಿಲಾಯುಗದ ಜನ ಇದನ್ನು ಹಿಡಿದು, ಸುಟ್ಟು ತಿಂದು, ಮೂಳೆಗಳನ್ನು ಅಲ್ಲೇ ಎಸೆದು ಹೋಗಿದ್ದಾರೆ. ಅದು ಇಂದು ಎಲ್ಲೂ ಉಳಿದಿಲ್ಲ.

ಒಂದೇ ದ್ವೀಪವಾಗಿತ್ತು, ಸರಿ. ಆದರೆ ಆ ದ್ವೀಪ ಇಲ್ಲಿಗೆ ಬಂದದ್ದು ಎಲ್ಲಿಂದ? ಇದು ಇನ್ನೂ ಹಳೆಯ ಕಥೆ, ನನಗೆ ಇದೇ ಹೆಚ್ಚು ಇಷ್ಟ. ಕಾಗದದ ಮೇಲೆ ಎರಡೂ ದ್ವೀಪಗಳನ್ನು ಒಟ್ಟಿಗೆ ಗೆರೆಯೆಳೆದು ಕತ್ತರಿಸಿಕೊಳ್ಳಿ. ಭೂಪಟದ ಮೇಲಿಟ್ಟು, ಕಾರ್ಸಿಕಾದ ಮೇಲಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಸಾರ್ಡೀನಿಯಾದ ಕೆಳತುದಿಯನ್ನು ಪಶ್ಚಿಮಕ್ಕೆ ತಿರುಗಿಸುತ್ತ ಹೋಗಿ. ಸ್ವಲ್ಪ ಮೇಲಕ್ಕೂ ತಳ್ಳಿ. ದಕ್ಷಿಣ ಫ್ರಾನ್ಸ್ ಮತ್ತು ಸ್ಪೇನಿನ ಕರಾವಳಿಯ ಬಳುಕಿಗೆ ಅದು ಹೋಗಿ ಕೂರುತ್ತದೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಅದು ಇದ್ದದ್ದು ಅಲ್ಲಿಯೇ, ಯುರೋಪಿನ ನೆಲಕ್ಕೆ ಅಂಟಿಕೊಂಡು. ಆಮೇಲೆ ಬಿರುಕು ಬಿಟ್ಟಿತು. 2 ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ, ಅಂದರೆ ಬೊನಿಫಾಚೊದ ಸುಣ್ಣಕಲ್ಲು ಹುಟ್ಟುತ್ತಿದ್ದ ಕಾಲದಲ್ಲೇ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತ ಬಂದು ಈಗಿನ ಜಾಗದಲ್ಲಿ ನಿಂತಿತು. ವೇಗ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಅದು ಬಿಟ್ಟುಬಂದ ಜಾಗಕ್ಕೆ ಸಮುದ್ರ ಬಂತು.

ಯಾರು ನೋಡಿದ್ದರು ಎಂದು ಕೇಳಬೇಕಾದ್ದೇ. ನೋಡಿದ್ದು ಕಲ್ಲುಗಳು. ಆ ಕಾಲದಲ್ಲಿ ಸಾರ್ಡೀನಿಯಾದಲ್ಲಿ ಜ್ವಾಲಾಮುಖಿಗಳಿದ್ದವು. ಲಾವಾ ಬಿಸಿಯಾಗಿರುವಾಗ ಅದರೊಳಗಿನ ಕಬ್ಬಿಣದ ಖನಿಜದ ಕಣಗಳಿಗೆ ಕಾಂತತ್ವವಿಲ್ಲ. ತಣ್ಣಗಾಗುವಾಗ ಅವು ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನೇ ಹಿಡಿದು ಗಟ್ಟಿಯಾಗುತ್ತವೆ. ಅಂದರೆ ಪ್ರತಿ ಲಾವಾ ಕಲ್ಲಿನಲ್ಲೂ ಅದು ಹುಟ್ಟಿದ ದಿನದ ದಿಕ್ಸೂಚಿ ಇದೆ. ಸಾರ್ಡೀನಿಯಾದ ಆ ಹಳೆಯ ಲಾವಾಗಳನ್ನು ಅಳೆದಾಗ ಅವು ಉತ್ತರ ಎಂದು ತೋರಿಸಿದ್ದು ವಾಯವ್ಯವನ್ನು. ಕಲ್ಲು ಸುಳ್ಳು ಹೇಳಿರಲಿಲ್ಲ, ಅದರ ಕೆಳಗಿನ ನೆಲವೇ ತಿರುಗಿತ್ತು. ನಮ್ಮ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಇಂಥದೇ ಒಂದು ಅಗಲಿಕೆಯ ಕಾಲದ ಲಾವಾ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮಡಗಾಸ್ಕರ್‌ನಿಂದ ಬೇರೆಯಾದಾಗ ಹೊರಬಂದದ್ದು.

ಸಾಂತಾ ತೆರೇಜಾ ಹತ್ತಿರವಾಗುತ್ತಿದೆ. ನೀರು ತಿಳಿಯಾದ ಕಡೆ ತಳದಲ್ಲಿ ಕಪ್ಪು ಹಸಿರಿನ ತೇಪೆಗಳು ಕಾಣುತ್ತವೆ. ಪೊಸಿಡೋನಿಯಾ ಅದರ ಹೆಸರು. ಪಾಚಿಯಲ್ಲ, ಬೇರು ಕಾಂಡ ಎಲೆ ಹೂ ಎಲ್ಲ ಇರುವ ಗಿಡ, ಸಮುದ್ರದಡಿಯ ಹುಲ್ಲುಗಾವಲು. ಅದರ ಒಣಎಲೆ ಮರಳಿನ ಮೇಲೆ ಕಂದು ರಾಶಿಯಾಗಿ ಬಿದ್ದಿರುವುದನ್ನು ಪ್ರವಾಸಿಗರು ಕಸ ಎನ್ನುತ್ತಾರೆ. ಆ ‘ಕಸ’ವೇ ಚಳಿಗಾಲದ ಅಲೆಗಳಿಂದ ಮರಳು ಕೊಚ್ಚಿಹೋಗದಂತೆ ತಡೆಯುವುದು. ಊರಿನ ಪಶ್ಚಿಮಕ್ಕೆ ಕಾಪೊ ತೆಸ್ತಾ ಎಂಬ ಭೂಶಿರ. ಅಲ್ಲಿನ ಗ್ರಾನೈಟನ್ನು ರೋಮನ್ನರು ಕಂಬಗಳಿಗಾಗಿ ಕಡಿದರು. ಈಗ ಅದನ್ನು ಉಪ್ಪು ಕಡಿಯುತ್ತಿದೆ. ಸಮುದ್ರದ ಹನಿ ಕಲ್ಲಿನ ಸೀಳಿಗೆ ಇಳಿದು ಒಣಗಿದಾಗ ಉಪ್ಪಿನ ಹರಳು ಬೆಳೆದು ಕಲ್ಲಿನ ಕಾಳುಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಮನುಷ್ಯ ಮುದುರಿ ಕೂರುವಷ್ಟು ದೊಡ್ಡ ಪೊಟರೆಗಳು ಹೀಗೇ ಆಗಿವೆ.

ಈ ಜಲಸಂಧಿಯಲ್ಲಿ ಸರಕು ದಾಟಿಸಿದವರಲ್ಲಿ ನಮ್ಮ ಲಾರಿಗಳವರು ಮೊದಲಿಗರೇನಲ್ಲ. ಸಾರ್ಡೀನಿಯಾದ ಮೊಂಟೆ ಆರ್ಚಿ ಎಂಬ ಹಳೆಯ ಜ್ವಾಲಾಮುಖಿಯಲ್ಲಿ ಅಬ್ಸಿಡಿಯನ್ ಸಿಗುತ್ತದೆ. ಲಾವಾ ಬೇಗನೆ ತಣ್ಣಗಾಗಿ ಆದ ಕಪ್ಪು ಗಾಜು ಅದು. ಒಡೆದರೆ ಬ್ಲೇಡಿನಷ್ಟು ಹರಿತ. ಕಾರ್ಸಿಕಾದಲ್ಲಿ ಅಬ್ಸಿಡಿಯನ್ ಇಲ್ಲವೇ ಇಲ್ಲ. ಆದರೂ ಅಲ್ಲಿ ಕೃಷಿ ಆಗತಾನೆ ಕಲಿತಿದ್ದ ಶಿಲಾಯುಗದ ಜನರ ನೆಲೆಗಳನ್ನು ಅಗೆದಾಗ ಅಬ್ಸಿಡಿಯನ್ನಿನ ಅಲಗುಗಳು ಸಿಕ್ಕಿವೆ. ಒಂದೊಂದು ಜ್ವಾಲಾಮುಖಿಯ ಗಾಜಿನಲ್ಲೂ ಬೆರೆತಿರುವ ಧಾತುಗಳ ಪ್ರಮಾಣ ಬೇರೆಬೇರೆ. ಅದನ್ನು ಅಳೆದು ನೋಡಿದರೆ ಅವು ಮೊಂಟೆ ಆರ್ಚಿಯವು ಎಂದು ತಿಳಿಯುತ್ತದೆ. ಅಷ್ಟರಲ್ಲಿ ಹಿಮ ಕರಗಿ, ಸಮುದ್ರ ಏರಿ, ನಡುವೆ ನೀರು ನಿಂತಾಗಿತ್ತು. ನಡೆದು ಒಯ್ಯುವಂತಿರಲಿಲ್ಲ.

ಹಾಗಾದರೆ ಯಾವುದರಲ್ಲಿ ಒಯ್ದರು? ರೋಮ್ ಹತ್ತಿರದ ಬ್ರಾಚಾನೊ ಸರೋವರದ ಕೆಸರಿನಲ್ಲಿ ಸುಮಾರು 7,000 ವರ್ಷ ಹಳೆಯ ಐದು ದೋಣಿಗಳು ಸಿಕ್ಕಿವೆ. ಇಡೀ ಮರದ ಬೊಡ್ಡೆ ಕೊರೆದು ಮಾಡಿದವು. ದೊಡ್ಡದು ಹೆಚ್ಚುಕಡಿಮೆ 11 ಮೀಟರ್ ಉದ್ದ. ಅವುಗಳ ಕೆಲಸ ಎಷ್ಟು ನಾಜೂಕಾಗಿದೆಯೆಂದರೆ, ಇಂಥವನ್ನು ಮಾಡಬಲ್ಲವರು ಸಮುದ್ರಕ್ಕೂ ಇಳಿಯುತ್ತಿದ್ದರು ಎಂದು ಅವನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಅಂಥದೇ ದೋಣಿಯಲ್ಲಿ ಕಪ್ಪು ಗಾಜಿನ ಗಟ್ಟಿಗಳನ್ನು ತಳಕ್ಕೆ ಹೇರಿಕೊಂಡು, ಪಶ್ಚಿಮದ ಗಾಳಿ ಬಿದ್ದ ಬೆಳಗು ನೋಡಿ ಅವರೂ ಹುಟ್ಟು ಹಾಕಿರಬೇಕು. ನಮ್ಮಂತೆ ಒಂದು ಗಂಟೆಯಲ್ಲಲ್ಲ, ಮೂರು ನಾಲ್ಕು ಗಂಟೆಯಾದರೂ ಹಿಡಿದಿರುತ್ತದೆ.